ಕೆಮ್ಮನ್ನು ಮುಚ್ಚಿಡದ ಕನ್ನಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಪೋದ ಅಂಗಳದಲ್ಲಿ ಆಗಷ್ಟೇ ತೊಳೆದ ಬಸ್ಸುಗಳಿಂದ ನೀರು ತೊಟ್ಟಿಕ್ಕುತ್ತಿದೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡ ಹೆಂಗಸೊಬ್ಬರು ಸ್ಟೂಲಿನ ಮೇಲೆ ನಿಂತು ಡ್ರೈವರ್ ಬದಿಯ ಕನ್ನಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಉಜ್ಜುತ್ತಾರೆ. ಕೆಳಗಿಳಿದು ಬಸ್ಸಿಗೆ ಕೈಯೂರಿ ನಿಲ್ಲುತ್ತಾರೆ. ಕೆಮ್ಮು ಬರುತ್ತದೆ. ಒಣ ಕೆಮ್ಮು, ಬೇಗ ಬಿಡುವುದಿಲ್ಲ. ಬಿಟ್ಟ ಮೇಲೆ ಸ್ಟೂಲನ್ನು ಎತ್ತಿಕೊಂಡು ಮುಂದಿನ ಬಸ್ಸಿಗೆ ನಡೆಯುತ್ತಾರೆ.

ಡಿಪೋದಲ್ಲಿ ಎಲ್ಲರಿಗೂ ಇವರು ಕನ್ನಡಿಯಕ್ಕ. ಮೊದಲ ಬಸ್ಸು ಹೊರಡುವುದರೊಳಗೆ ಹದಿನಾಲ್ಕು ಬಸ್ಸುಗಳ ಕಿಟಕಿ, ಕನ್ನಡಿ ಇವರ ಪಾಲು. ಹಿಂದೆ ಉದ್ದ ಹಿಡಿಯ ಬ್ರಷ್ ಹಿಡಿದು ಇಡೀ ಬಸ್ಸನ್ನೇ ತೊಳೆಯುತ್ತಿದ್ದರು. ಈಗ ಅಷ್ಟು ಉಸಿರಿಲ್ಲ. ಗಾಯ ಮಾಗಿದ ಚರ್ಮದ ಹಾಗೆ ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಅವರದು. ಅವರ ಅಕ್ಕ ತೀರಿಕೊಂಡದ್ದೂ ಇದರಿಂದಲೇ.

"ಅಕ್ಕ ಹೋದಾಗ ಡಾಕ್ಟ್ರು, ಈ ಕಾಯಿಲೆ ಬಗ್ಗೆ ನಾವಿನ್ನೂ ಕಲೀತಾ ಇದೀವಮ್ಮ ಅಂದ್ರು. ನಂಗೆ ಸಿಟ್ಟು ನೆತ್ತಿಗೇರ್ತು. ಆಮೇಲೆ ನಂಗೂ ಅದೇ ಬಂತಲ್ಲ, ಆಗ ಅನ್ನಿಸ್ತು, ಪಾಪ ಅವ್ರು ತಾನೇ ಯಾರನ್ನ ನೋಡಿ ಕಲೀಬೇಕು?"

ಇರುವ ಔಷಧಿ ಕಾಯಿಲೆಯ ವೇಗವನ್ನು ತಗ್ಗಿಸುತ್ತದೆ, ತಡೆಯುವುದಿಲ್ಲ. ಹೊಸದೊಂದು ಮಾತ್ರೆಯ ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದದ್ದು ಸೊಸೆಗೆ. ಆಕೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದರು. ಮೊದಲು ಹೋದ ಕಡೆ, ಉಸಿರಿನ ಬಲ ತಮಗೆ ಬೇಕಾದ ಮಟ್ಟದಲ್ಲಿಲ್ಲವೆಂದು ವಾಪಸು ಕಳಿಸಿದರು. ಎರಡನೆಯ ಕಡೆ ಒಪ್ಪಿದರು. ಅರ್ಧ ಜನರಿಗೆ ಹೊಸ ಮಾತ್ರೆ, ಅರ್ಧ ಜನರಿಗೆ ನೋಡಲು ಹಾಗೇ ಇರುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಕೊಡುವ ನರ್ಸಿಗೂ ಗೊತ್ತಿರುವುದಿಲ್ಲ. ಹಳೆಯ ಔಷಧಿ ಎಲ್ಲರಿಗೂ ಮುಂದುವರಿಯುತ್ತದೆ. ಬೇಡವೆನಿಸಿದ ದಿನ ಬಿಟ್ಟುಬಿಡಬಹುದು. ಇದನ್ನೆಲ್ಲ ನರ್ಸ್ ಎರಡೆರಡು ಸಲ ಬಿಡಿಸಿ ಹೇಳಿದರಂತೆ. ಏನಾದರೂ ಹೆಚ್ಚುಕಡಿಮೆಯಾದರೆ ಯಾರು ನೋಡಿಕೊಳ್ಳುತ್ತಾರೆಂದು ಸೊಸೆ ಕೇಳಿ ತಿಳಿದುಕೊಂಡರು. ಮಗನಿಗೆ ಮಾತ್ರ ಇಷ್ಟವಿರಲಿಲ್ಲ. ಅಮ್ಮನ ಮೇಲೆ ಪ್ರಯೋಗವೇ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ.

ಪರೀಕ್ಷೆಯಲ್ಲಿ ಎರಡು ಮುಖ್ಯ ಕೆಲಸ. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಆರು ನಿಮಿಷ ನಡೆಯಬೇಕು. ಮತ್ತೆ, ಕತ್ತಿನ ಹತ್ತಿರ ಸಿಕ್ಕಿಸುವ ಪುಟ್ಟ ಯಂತ್ರವೊಂದನ್ನು ಇಡೀ ದಿನ ಹಾಕಿಕೊಂಡಿರಬೇಕು. ಅದು ಕೆಮ್ಮನ್ನು ಎಣಿಸುತ್ತದೆ.

ಎಡವಿದ್ದು ಇಲ್ಲೇ. ಯಂತ್ರ ಹಾಕುವ ದಿನ ಬೆಳಿಗ್ಗೆ ಕನ್ನಡಿಯಕ್ಕ ಔಷಧಿ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಎರಡು ಮುಚ್ಚಳ ಕುಡಿದರು. ನೆಂಟರು ಬರುವ ಮುಂಚೆ ಮನೆ ಗುಡಿಸಿದ ಹಾಗೆ. ಕೆಮ್ಮು ಅಡಗಿತು. ಯಂತ್ರ ನೋಡಿದ ಡಾಕ್ಟರ ಮುಖ ಅರಳಿತು. ಇವರಿಗೂ ಖುಷಿ. ಮರುದಿನ ಡಿಪೋದ ಮೆಕ್ಯಾನಿಕ್ ಮುಂದೆ ಹೇಳಿಕೊಂಡರು.

"ಅಲ್ಲಕ್ಕಾ," ಎಂದನಂತೆ ಆತ, "ಗಡಗಡ ಅನ್ನೋ ಬಸ್ಸನ್ನ ಸದ್ದು ಅಡಗಿಸಿ ನನ್ನ ಹತ್ರ ತಂದ್ರೆ, ನಾನು ಏನಂತ ರಿಪೇರಿ ಮಾಡ್ಲಿ? ಡ್ರೈವರ್ ತಲೆನಾ?"

ಸುತ್ತ ನಿಂತವರು ನಕ್ಕರು. ಕನ್ನಡಿಯಕ್ಕನಿಗೆ ತಾನು ಮಾಡಿದ ತಪ್ಪು ಹೊಳೆಯಿತು. ಹೇಳಿದರೆ ಪರೀಕ್ಷೆಯಿಂದ ತೆಗೆದುಹಾಕಬಹುದು. ಹೇಳದಿದ್ದರೆ ಕೆಲಸ ಮಾಡದ ಮಾತ್ರೆಯನ್ನೂ ಕೆಲಸ ಮಾಡುತ್ತದೆಂದು ಡಾಕ್ಟರು ನಂಬಬಹುದು. ಅಕ್ಕನಂಥ ಇನ್ಯಾರೋ ಅದನ್ನು ನುಂಗಬಹುದು. ಅವತ್ತು ಕೆಲಸ ಮುಗಿದದ್ದೇ ಡಿಪೋದ ಬಟ್ಟೆಯಲ್ಲೇ ಆಸ್ಪತ್ರೆಗೆ ಹೋದರು.

ನರ್ಸ್ ಬೈಯಲಿಲ್ಲ. ಆ ದಿನದ ಎಣಿಕೆ ಲೆಕ್ಕಕ್ಕೆ ಬರುವುದಿಲ್ಲ, ಮುಂದುವರಿಯುವ ವಿಷಯ ಮೇಲಿನವರನ್ನು ಕೇಳಿ ಹೇಳುತ್ತೇವೆ ಎಂದರು. ಉತ್ತರ ಬರಲು ಒಂದು ವಾರ ಹಿಡಿಯಿತು. ಆ ವಾರ ಫೋನು ಸದ್ದಾದಾಗಲೆಲ್ಲ ಕೈಯಲ್ಲಿದ್ದ ಬಟ್ಟೆ ನಿಲ್ಲುತ್ತಿತ್ತಂತೆ. ಬಿಟ್ಟುಬಿಡಮ್ಮ ಎಂದಿದ್ದ ಮಗನೇ ಕೊನೆಕೊನೆಗೆ, ಫೋನು ಬಂತಾ ಎಂದು ಕೇಳತೊಡಗಿದ.

ಉಳಿಸಿಕೊಂಡರು.

ತಮ್ಮ ಪಾಲಿಗೆ ಬಂದಿರುವುದು ಯಾವ ಮಾತ್ರೆಯೋ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಮೇಲಾಗಿದೆಯೇ ಎಂದು ಕೇಳಿದರೆ, ಒಂದು ದಿನ ಹಾಗೆ, ಒಂದು ದಿನ ಹೀಗೆ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಏನು ತಿಳಿಯಿತೆಂದು ತಮಗೂ ಒಂದು ಮಾತು ಹೇಳಬೇಕು. ಅವರಿಗಿರುವ ಆಸೆ ಅಷ್ಟೇ.

ಹೋದ ವಾರ ಮತ್ತೆ ನಡೆಯುವ ಪರೀಕ್ಷೆಯಿತ್ತು. ಅದರ ಬಗ್ಗೆ ಕೇಳಿದಾಗ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಮೊದಲಾಗಿದ್ರೆ ಹಲ್ಲು ಕಚ್ಚಿ ನಡೆದುಬಿಡ್ತಿದ್ದೆ. ಈ ಸಲ ಅರ್ಧಕ್ಕೇ ಉಸಿರು ಕಟ್ತು, ಗೋಡೆ ಹಿಡ್ಕೊಂಡು ನಿಂತೆ. ನರ್ಸಮ್ಮ ನನ್ನ ಮುಖ ನೋಡಿದ್ಲು. ನಿಂತ್ಲು ಅಂತ್ಲೇ ಬರಿ ತಾಯಿ, ಎಷ್ಟು ಹೊತ್ತು ನಿಂತ್ಲು ಅಂತಾನೂ ಬರಿ ಅಂದೆ."