ಎರಡು ವರ್ಷ ದೊಡ್ಡವನು

ನಮ್ಮ ಹಳ್ಳಿ ಭಾಲ್ಕಿ ತಾಲೂಕಿನಲ್ಲಿ. ನಾನು ಹುಟ್ಟಿದ್ದು ಮನೆಯಲ್ಲೇ. ತಾರೀಖನ್ನು ಯಾರೂ ಬರೆದಿಡಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಹಳೆಯ ಪರೀಕ್ಷೆಯನ್ನೇ ಮಾಡಿದರು: ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿದೆ ಅಂತ. ನನಗಿನ್ನೂ ನಾಲ್ಕು, ಆದರೆ ತೋಳು ಉದ್ದ. ಅವ್ವ ಕೂಲಿಗೆ ಹೋಗಬೇಕು, ನನ್ನನ್ನು ಎಲ್ಲಿ ಬಿಡಬೇಕು? ಹಿಂದಿನಿಂದ ನನ್ನ ಮೊಣಕೈಯನ್ನು ಸ್ವಲ್ಪ ನೂಕಿ, "ಮುಟ್ತು ನೋಡ್ರಿ ಸರ" ಅಂದಳು. ಮಾಸ್ತರರು ನಕ್ಕು, ಊರಿನ ಅರ್ಧ ಹುಡುಗರಿಗೆ ಬರೆದಂತೆ ನನಗೂ ಜೂನ್ ಒಂದನೇ ತಾರೀಖು ಬರೆದರು. ನಿಂತ ನಿಲುವಿನಲ್ಲೇ ನಾನು ಎರಡು ವರ್ಷ ದೊಡ್ಡವನಾದೆ.

ಅದೇ ತೋಳು ನನ್ನನ್ನು ಗೋಲ್‌ಕೀಪರ್ ಮಾಡಿತು. ದಿನಾ ಮೊದಲ ಬಸ್ಸು ಹಿಡಿದು ಬೀದರಿನ ಫುಟ್‌ಬಾಲ್ ಅಕಾಡೆಮಿಗೆ ಹೋಗುತ್ತಿದ್ದೆ. ದಾಖಲೆಯ ವಯಸ್ಸಿಗೆ ತಕ್ಕಂತೆ ನನ್ನನ್ನು ದೊಡ್ಡ ಹುಡುಗರ ನಡುವೆ ಆಡಿಸುತ್ತಿದ್ದರು. ಅವರು ಮೈಮೇಲೆ ಬಂದು ಬಿದ್ದರೂ ನಾನು ಚೆಂಡು ಬಿಡುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಲ್ಲಿ ಔರಾದ ಕಡೆಯ ಇನ್ನೊಬ್ಬ ಗೋಲ್‌ಕೀಪರ್ ಇದ್ದ. ನನಗಿಂತ ಎರಡು ವರ್ಷ ದೊಡ್ಡವ, ಆಗಲೇ ಗಡ್ಡ ಬೋಳಿಸುತ್ತಿದ್ದ, ಆಡುತ್ತಿದ್ದದ್ದು ಮಾತ್ರ ಸಣ್ಣವರ ತಂಡದಲ್ಲಿ. ಗಡಿಯಾಚೆಯ ಶಾಲೆಯಿಂದ ಇಲ್ಲಿಗೆ ಬರುವಾಗ ವಯಸ್ಸು ಇಳಿಸಿಕೊಂಡಿದ್ದನ್ನು ಅವನೇ ನನಗೆ ಹೇಳಿದ್ದ. "ಎಲ್ಲಾರೂ ಮಾಡ್ತಾರಲೇ" ಅಂದಿದ್ದ.

ಒಮ್ಮೆ ಬೆಂಗಳೂರಿನ ವೃತ್ತಿಪರ ಕ್ಲಬ್ಬೊಂದರವರು ಬಂದರು. ಹದಿನೇಳರೊಳಗಿನ ಒಬ್ಬ ಗೋಲ್‌ಕೀಪರ್ ಬೇಕಾಗಿದ್ದ. ಮೊದಲು ಯುವ ತಂಡ, ಅಲ್ಲಿಂದ ಮುಖ್ಯ ತಂಡ. ಎರಡು ದಿನ ಆಡಿಸಿ ನೋಡಿ ನಾನೇ ಬೇಕೆಂದರು. ನನಗಾಗ ಹದಿನಾರು. ಕಾಗದ ತೆಗೆದರೆ ಹದಿನೆಂಟು.

"ಇಲ್ಲಿ ಬರೋರೆಲ್ಲಾ ವಯಸ್ಸ ಕಡಿಮಿ ಮಾಡ್ಸ್ಕೊಂಡ್ ಬರ್ತಾರ. ನೀ ಒಬ್ಬನ ನೋಡಪ್ಪಾ, ಹೆಚ್ಚ ಮಾಡ್ಸ್ಕೊಂಡ್ ಬಂದಿ" ಅಂದರು ನಮ್ಮ ಕೋಚ್.

"ತಿದ್ದಸ್ಲಿಕ್ಕಿ ಬರಲ್ರಿ ಸರ?"

"ಹತ್ತನೇತ್ತಿ ಮಾರ್ಕ್ಸ್ ಕಾರ್ಡ್ ಬಂದ ಮ್ಯಾಲ ಯಾರ ತಿದ್ದತಾರ?"

ಆ ಜಾಗ ಔರಾದದವನಿಗೆ ಹೋಯಿತು. ಅವನ ಕಾಗದದಲ್ಲಿ ಹದಿನಾರಿತ್ತು. ನಾನು ಬಾಯಿ ಬಿಡಬಹುದಿತ್ತು. ಬಿಟ್ಟಿದ್ದರೆ ಅವನೂ ಹೋಗುತ್ತಿರಲಿಲ್ಲ, ಅಷ್ಟೇ. ನನ್ನ ಎರಡು ವರ್ಷ ಯಾರು ವಾಪಸು ಕೊಡುತ್ತಿದ್ದರು? ಒಳ್ಳೆಯತನಕ್ಕೆ ಸುಮ್ಮನಿದ್ದೆ ಎಂದು ಯಾರೂ ತಿಳಿಯುವುದು ಬೇಡ. ಹೊಟ್ಟೆ ಉರಿದು ಎಷ್ಟೋ ದಿನ ಊಟ ಸೇರಲಿಲ್ಲ. ಮನೆಯಲ್ಲಿ ಮಾತ್ರ, ಆಯ್ಕೆ ಆಗಲಿಲ್ಲ ಎಂದಷ್ಟೇ ಹೇಳಿದೆ.

ಮೂರು ವರ್ಷ ಕಳೆದು, ಹೋದ ತಿಂಗಳು ಅವನು ಮುಖ್ಯ ತಂಡಕ್ಕೆ ಮೊದಲ ಸಲ ಮೈದಾನಕ್ಕಿಳಿದ. ನಾನೀಗ ಬೀದರಿನಲ್ಲಿ ಆಟದ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಆವತ್ತು ರಜೆ ಹಾಕಿ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಪಂದ್ಯ ನೋಡಿದೆ. ಯಾಕೆ ನೋಡಿದೆನೋ ನನಗೇ ಗೊತ್ತಿಲ್ಲ. ಅವ್ವ ಪಕ್ಕದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವನು ಒಂದು ಸುಲಭದ ಚೆಂಡನ್ನು ಕೈಬಿಟ್ಟ. ನಾನಾಗಿದ್ದರೆ ಕಣ್ಣು ಮುಚ್ಚಿ ಹಿಡಿಯುತ್ತಿದ್ದೆ. ಆದರೂ ಕಾಮೆಂಟರಿಯವನು ಅವನ ಪರವಾಗಿಯೇ ಮಾತಾಡಿದ: ಇನ್ನೂ ಹತ್ತೊಂಬತ್ತು ವರ್ಷದ ಹುಡುಗ, ಕಲಿಯಲು ಬಹಳ ಕಾಲವಿದೆ.

ಅವ್ವನ ಕೈ ನಿಂತಿತು. "ಹತ್ತೊಂಬತ್ತಾ? ನಿನ್ನ ವಾರಿಗಿಯಾಂವನೇ ಅಂದಂಗಾಯ್ತು. ಮತ್ತ ನಿನಗ್ಯಾಕ ಆಗಲಿಲ್ಲೋ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾ ಅಂವನಷ್ಟ ಛಲೋ ಆಡ್ತಿರ್ಲಿಲ್ಲವ್ವ" ಅಂದೆ.