ಮೂರು ಕಾಲಕ್ಕೂ ಹೋಳಿಗೆ

‘ಐ ಸರ್ವ್ ಹೋಳಿಗೆ’ ಎನ್ನುತ್ತ ಸಾವಿತ್ರಕ್ಕ, ತಮ್ಮ ಮನೆಗೆ ಊಟಕ್ಕೆ ಹೋಗಿದ್ದ ನನ್ನ ಬಾಳೆಲೆಗೆ ಹೋಳಿಗೆ ಹಾಕಿದರು. ಶಿರಸಿಯಲ್ಲಿ ನಾನು ನಡೆಸುವ ಇಂಗ್ಲಿಷ್ ಕ್ಲಾಸಿಗೆ ಹೆಗಡೆಕಟ್ಟಾದಿಂದ ಬರುವವರು ಅವರು. ಮನೆಯಲ್ಲಿ ಯಾವ ಕೆಲಸ ಮಾಡುತ್ತೀರೋ ಅದನ್ನೇ ಮೂರೂ ಕಾಲದಲ್ಲಿ ಹೇಳಿ ಎಂದು ಕಲಿಸಿದವಳು ನಾನೇ.

‘ಐ ಸರ್ವ್ಡ್ ಹೋಳಿಗೆ’ ಎಂದು ಇನ್ನೊಂದು ಬಿತ್ತು. ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದೆ. ನಮ್ಮ ಕಡೆ ಹಾಗೆ ಹಿಡಿದರೆ ಇನ್ನೂ ಒಂದು ಹಿಡಿಸುತ್ತದೆ ಎಂದೇ ಲೆಕ್ಕ.

‘ಕೈ ತೆಗೀರಿ ಟೀಚರೇ, ಫ್ಯೂಚರ್ ಟೆನ್ಸ್ ಬಾಕಿ ಇದ್ದು.’

‘ಐ ವಿಲ್ ಸರ್ವ್ಡ್’ ಎಂದು ಅದನ್ನೂ ಹಾಕಿದರು. ಚಟ ಎಲ್ಲಿ ಬಿಡುತ್ತದೆ, ತಿದ್ದಿಬಿಟ್ಟೆ. ಸರಿಯಾಗಿ ಹೇಳಿ ಮತ್ತೊಂದು ಹಾಕಿದರು.

ಮರುದಿನದ ಪಾಠಕ್ಕೆ ‘ವಾಕ್’ ಆರಿಸಿಕೊಂಡು, ಮೂರೂ ಕಾಲವನ್ನು ಕ್ಲಾಸಿನ ತುಂಬ ನಡೆದೇ ತೋರಿಸಿದೆ. ಆ ಅಭ್ಯಾಸ ಅವರಿಗಿಂತ ನನಗೇ ಬೇಕಿತ್ತು.