ಮುಂದಕ್ಕೆ ಹೋಗುತ್ತಲೇ ಇದ್ದ ಲೀಗು

ಲೀಗು ಮತ್ತೆ ಮುಂದಕ್ಕೆ ಹೋಯಿತು ಎಂಬ ಸುದ್ದಿ ಬಂದಾಗ ನಾಗರತ್ನಾ ಪರೇಲಿನ ಆಸ್ಪತ್ರೆಯೊಂದರ ಲಿನನ್ ರೂಮಿನಲ್ಲಿ, ಒಗೆದು ಬಂದ ಚಾದರಗಳನ್ನು ಮಡಚುತ್ತಿದ್ದಳು. ಫುಟ್‌ಬಾಲ್ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಕೋಚ್ ವಿನೋದಿನಿ ಒಂದೇ ಸಾಲು ಬರೆದಿದ್ದರು: ಡಿಸೆಂಬರ್ ಇಲ್ಲ, ಜನವರಿ ಹದಿನೆಂಟು. ಹುಡುಗಿಯರು ಒಬ್ಬರ ಹಿಂದೊಬ್ಬರು ಅಳುವ ಮುಖದ ಚಿತ್ರ ಹಾಕಿದರು. ನಾಗರತ್ನಾ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈಯಲ್ಲಿದ್ದ ಚಾದರದ ಮಡಿಕೆ ಮುಗಿಸಿದಳು. ಆಮೇಲೆ ಸೂಪರ್‌ವೈಸರ್ ಗುರುಬಸವ ಅವರ ಮೇಜಿಗೆ ಹೋದಳು.

"ಸರ್, ನನ್ನ ರಜಾ ಅರ್ಜಿ ವಾಪಸ್ ಕೊಡ್ರಿ."

ಗುರುಬಸವ ಬಾಗಲಕೋಟೆ ಕಡೆಯವರು. ಕನ್ನಡದವಳೆಂದು ಅವಳ ಮೇಲೆ ಒಂದಿಷ್ಟು ಸಲಿಗೆ ಇತ್ತು.

"ಮತ್ತ ಮುಂದಕ್ಕ ಹೋತೇನು?"

"ಹೂಂನ್ರಿ. ಜನವರಿ ಅಂತ."

"ಅಕ್ಟೋಬರ್ ಅಂದ್ರಿ, ಬದಲಿಗೆ ಒಬ್ಬಾಕಿನ್ನ ಗೊತ್ತ ಮಾಡಿದೆ. ಬ್ಯಾಡ ಅಂತ ಕಳಿಸ್ದೆ. ಡಿಸೆಂಬರ್ ಅಂದ್ರಿ, ಮತ್ತ ಗೊತ್ತ ಮಾಡಿದೆ. ಈಗ ಆಕಿಗೂ ಬ್ಯಾಡ ಅನ್ಬೇಕು. ನಲವತ್ತ ದಿನದ ರಜಾ ಅಂದ್ರ ಸಣ್ಣ ಮಾತಲ್ಲವಾ. ಮ್ಯಾಲಿನವ್ರು ನನ್ನ ಕೇಳ್ತಾರ, ಈಕಿ ಹೊಕ್ಕಾಳೋ ಇಲ್ಲೋ ಅಂತ."

"ನಂಗೂ ಗೊತ್ತಿಲ್ರಿ ಸರ್," ಎಂದಳು ನಾಗರತ್ನಾ.

ಅವಳಿಗೆ ಮೂವತ್ತೊಂದು ವರ್ಷ. ಗೋಲ್‌ಕೀಪರ್. ಅಪ್ಪ ಬಂಡೆಪ್ಪ, ಅವ್ವ ಸುಂದ್ರವ್ವ ಅವಳು ಹುಟ್ಟುವ ಮುಂಚೆಯೇ ಸಿಂದಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ವಿಕ್ರೋಳಿ ಪಾರ್ಕ್‌ಸೈಟಿನ ಗುಡ್ಡದ ಮೇಲಿನ ಚಾಳಿನಲ್ಲಿ ನೆಲೆ ನಿಂತವರು. ಶಾಲೆಗೆ ರಜೆ ಬಿಟ್ಟಾಗ ನಾಗರತ್ನಾಳೂ ಅವರ ಜೊತೆ ಸೈಟಿಗೆ ಹೋಗುತ್ತಿದ್ದಳು. ಕೆಳಗಿನಿಂದ ಅವ್ವ ಎಸೆದ ಇಟ್ಟಂಗಿಯನ್ನು ಮೊದಲ ಮಹಡಿಯಲ್ಲಿ ನಿಂತ ಅಪ್ಪ ಹಿಡಿದು ಪಕ್ಕಕ್ಕೆ ಇಡುತ್ತಿದ್ದ. ಒಂದು ದಿನ ತಾನೂ ಹಿಡಿಯುತ್ತೇನೆಂದು ಹಟ ಹಿಡಿದಾಗ ಅಪ್ಪ ಹೇಳಿದ್ದ, "ಕೈ ಬಿಗಿ ಮಾಡಬ್ಯಾಡ. ಇಟ್ಟಂಗಿ ಬಂದ ಕೂಡ್ಲೆ ಅದರ ಸಂಗಾಟ ಕೈನೂ ಹಿಂದಕ್ಕ ಬಿಡು. ಇಲ್ಲಾಂದ್ರ ಬೆರಳ ಹೋಗ್ತಾವ." ಮುನಿಸಿಪಾಲಿಟಿ ಶಾಲೆಯ ಆಟದ ಮೇಷ್ಟರು ಅವಳು ಚೆಂಡು ಹಿಡಿಯುವ ರೀತಿ ನೋಡಿ ಯಾರು ಕಲಿಸಿದರೆಂದು ಕೇಳಿದ್ದರು.

ಹದಿನೇಳಕ್ಕೆ ಮಿಠಾಗರ್ ಸ್ಪೋರ್ಟ್ಸ್ ಕ್ಲಬ್ ಸೇರಿದವಳು ಅಲ್ಲೇ ಉಳಿದಳು. ಹದಿನಾಲ್ಕು ವರ್ಷ ಜಿಲ್ಲಾ ಲೀಗು, ರಾಜ್ಯದ ಟೂರ್ನಿ, ಸೋತು ಬಂದ ಅರ್ಹತಾ ಸುತ್ತುಗಳು. ಓರಗೆಯವರೆಲ್ಲ ಮದುವೆಯಾಗಿ, ಕೆಲಸ ಹಿಡಿದು, ಮಂಡಿ ಮುರಿದುಕೊಂಡು ಬಿಟ್ಟುಹೋದರು. ಕಳೆದ ವರ್ಷ ಕೊನೆಯ ಅರ್ಹತಾ ಪಂದ್ಯದಲ್ಲಿ ಅವಳು ಎಡಕ್ಕೆ ಹಾರಿ ಒಂದು ಪೆನಾಲ್ಟಿ ತಡೆದ ಮೇಲೆ ಕ್ಲಬ್ಬು ದೇಶದ ಮಹಿಳಾ ಲೀಗಿಗೆ ಏರಿತು. ಹುಡುಗಿಯರು ಅವಳನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಆ ರಾತ್ರಿ ಮಂಡಿ ಬಾತುಕೊಂಡಿತ್ತು. ಆಮೇಲೆ ಅದು ಪೂರ್ತಿ ಇಳಿಯಲೇ ಇಲ್ಲ.

ಆಗಸ್ಟ್‌ನಲ್ಲಿ ನಿಶಾ ಬಂದಳು. ಹತ್ತೊಂಬತ್ತರ ಹುಡುಗಿ, ನಾಗರತ್ನಾಳಿಗಿಂತ ಒಂದು ಗೇಣು ಎತ್ತರ. ಅವಳ ಅಪ್ಪ ಸುಹಾಸ ಉಡುಪಿ ಕಡೆಯವರು, ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರು. ನಿಶಾ ಮನೆಯಲ್ಲಿ ತುಳು, ಹೊರಗೆ ಹಿಂದಿ, ಕನ್ನಡ ತಡವರಿಸಿ ತಡವರಿಸಿ. ಮೊದಲ ವಾರವೇ ವಿನೋದಿನಿ ನಾಗರತ್ನಾಳನ್ನು ಪಕ್ಕಕ್ಕೆ ಕರೆದರು. ಅವರೂ ಕರಾವಳಿಯವರು, ಮಾತು ಸುತ್ತಿ ಬಳಸಿ ಆಡುವವರಲ್ಲ.

"ನಾಗು, ಸತ್ಯ ಹೇಳ್ತೇನೆ ಮಾರಾಯ್ತಿ. ಒಂದನೇ ಗೋಲ್‌ಕೀಪರ್ ಈ ಹುಡುಗಿ. ನೀನು ಎರಡನೆಯವಳು. ನಿನ್ನ ಮಂಡಿ ಹೇಗುಂಟು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದ್ರೆ ಅವಳಿಗೆ ಕಲಿಸ್ಲಿಕ್ಕೆ ನಿನ್ನ ಬಿಟ್ರೆ ಯಾರೂ ಇಲ್ಲ."

"ಆತ್ರಿ ಮೇಡಂ."

"ಬೇಜಾರಾಯ್ತಾ?"

"ಆತ್ರಿ. ಕಲಿಸ್ತೀನಿ."

ಹಾಗೆ ಅವಳ ದಿನಗಳು ನಡೆದವು. ಬೆಳಗಿನ ನಾಲ್ಕೂಕಾಲಿಗೆ ಎದ್ದು, ಮಂಡಿಗೆ ಬಟ್ಟೆ ಸುತ್ತಿಕೊಂಡು, ಗುಡ್ಡದ ಮೆಟ್ಟಿಲು ಅಡ್ಡಡ್ಡ ಇಳಿದು ವಿಕ್ರೋಳಿ ಸ್ಟೇಷನ್. ಕುರ್ಲಾದಲ್ಲಿ ಲೋಕಲ್ ಇಳಿದು ಬಸ್ಸು ಹಿಡಿದು ಕಲೀನಾದ ಮೈದಾನ. ಆರರಿಂದ ಎಂಟು ಪ್ರಾಕ್ಟೀಸು. ಮತ್ತೆ ಕುರ್ಲಾ, ಅಲ್ಲಿಂದ ಪರೇಲ್. ಲೇಡೀಸ್ ಡಬ್ಬಿಯಲ್ಲಿ ಕಂಬಕ್ಕೆ ಒರಗಿ ನಿಂತಲ್ಲೇ ಕಣ್ಣು ಮುಚ್ಚುವುದು ಅವಳಿಗೆ ರೂಢಿಯಾಗಿತ್ತು. ದಾದರ್ ದಾಟಿದಾಗ ತಾನಾಗಿ ಎಚ್ಚರವಾಗುತ್ತಿತ್ತು. ಹತ್ತರಿಂದ ಆರರವರೆಗೆ ಚಾದರ, ದಿಂಬಿನ ಚೀಲ, ಆಪರೇಷನ್ ಗೌನು. ಮನೆಗೆ ಬಂದರೆ ಅವ್ವ ಬಡಿಸಿದ್ದನ್ನು ಉಂಡು ಮಲಗುವುದು. ಇದೆಲ್ಲ ಅಕ್ಟೋಬರಿನವರೆಗೆ ಎಂದುಕೊಂಡಿದ್ದಳು. ಆಮೇಲೆ ಡಿಸೆಂಬರಿನವರೆಗೆ. ಈಗ ಜನವರಿ. ಓಟಕ್ಕೆ ಒಂದು ಗುರಿಯ ಗೆರೆ ಇದ್ದರೆ ಎಷ್ಟು ದೂರವಾದರೂ ಓಡಬಹುದು. ಓಡುತ್ತಿರುವಾಗ ಯಾರೋ ಗೆರೆಯನ್ನೇ ಎತ್ತಿ ಆಚೆ ಇಡುತ್ತಿದ್ದರು.

ನಿಶಾ ಒಳ್ಳೆಯ ಹುಡುಗಿ. ಹೇಳಿದ್ದನ್ನು ಎರಡನೆಯ ಸಲ ಹೇಳಬೇಕಿರಲಿಲ್ಲ. "ದೀದಿ, ಬಾಲ್ ಜೊತೆ ಕೈ ಹಿಂದೆ ಬಿಡೋದು, ಹೀಗಾ?" ಎಂದು ನೂರು ಸಲ ಮಾಡಿ ತೋರಿಸುತ್ತಿದ್ದಳು. ಅವಳು ಸರಿಯಾಗಿ ಹಿಡಿದಾಗೆಲ್ಲ ನಾಗರತ್ನಾಳಿಗೆ ಖುಷಿಯಾಗುತ್ತಿತ್ತು. ಅದರ ಬೆನ್ನಿಗೇ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಜನವರಿಯ ಮೊದಲ ಶುಕ್ರವಾರ ಅವಳಿಗೆ ಏನೋ ತಪ್ಪಿದಂತೆ ಕಂಡಿತು. ಹಿಡಿಯಬೇಕಾದ ಚೆಂಡುಗಳನ್ನು ನಿಶಾ ಮುಷ್ಟಿಯಿಂದ ಗುದ್ದಿ ಕಳಿಸುತ್ತಿದ್ದಳು. ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತಿರುಗಿಸಿದಳು. ಪ್ರಾಕ್ಟೀಸು ಮುಗಿದ ಮೇಲೆ ಗೋಲಿನ ಹಿಂದೆ ಕೂತಿದ್ದವಳ ಪಕ್ಕ ಹೋಗಿ ನಾಗರತ್ನಾ ಕೂತಳು.

"ಕೈ ತೋರ್ಸು."

"ಕುಛ್ ನಹೀ ದೀದಿ."

"ತೋರ್ಸಂದ್ರ ತೋರ್ಸು."

ಬಲಗೈಯ ಗ್ಲೌಸ್ ತೆಗೆದು ಒಳಗೆ ಸುತ್ತಿದ್ದ ಪಟ್ಟಿ ಬಿಚ್ಚಿದಾಗ ಉಂಗುರದ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಎರಡರಷ್ಟು ದಪ್ಪವಾಗಿತ್ತು. ಸೋಮವಾರವೇ ಚೆಂಡು ಬಡಿದದ್ದಂತೆ. ಮನೆಯಲ್ಲೂ ಹೇಳಿರಲಿಲ್ಲ.

"ಪ್ಲೀಸ್ ದೀದಿ, ಮ್ಯಾಡಮ್‌ಗೆ ಹೇಳ್ಬೇಡಿ. ಇನ್ನು ಎರಡು ವಾರ ಅಷ್ಟೇ ಅಲ್ವಾ? ಒಂದ್ ಬಾರ್ ಮ್ಯಾಚ್ ಶುರುವಾದ್ರೆ ನೋವು ಗೊತ್ತಾಗೋದಿಲ್ಲ."

ನಾಗರತ್ನಾ ತನ್ನ ಎಡಗೈಯ ಕಿರುಬೆರಳನ್ನು ಅವಳ ಮುಂದೆ ಹಿಡಿದಳು. ಅದು ನಡುವಿನ ಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಾಗಿ ನಿಂತಿತ್ತು. "ನಾನೂ ಹಿಂಗ ಮುಚ್ಚಿಟ್ಟಿದ್ದೆ. ಆಗ ಇಪ್ಪತ್ತೆರಡು ನಂಗ. ಇವತ್ತಿಗೂ ಈ ಕೈಲೆ ರೊಟ್ಟಿ ಬಡಿಯಾಕ ಬರಂಗಿಲ್ಲ. ನಾಳೆ ನನ್ನ ಆಸ್ಪತ್ರಿಗೆ ಬಾ. ಎಕ್ಸ್‌ರೇ ತಗಸೂಣು."

ನಿಶಾ ಕೈ ಹಿಂದಕ್ಕೆ ಎಳೆದುಕೊಂಡಳು. ಕಣ್ಣು ತುಂಬಿತ್ತು, ಆದರೂ ದನಿ ಗಡುಸಾಗಿತ್ತು. "ನಾನು ಹೋಗದಿದ್ರೆ ನೀವು ಒಂದನೇ ಕೀಪರ್. ಅದಕ್ಕೇ ಅಲ್ವಾ?"

ಸಿಟ್ಟು ಮಾಡಿಕೊಳ್ಳಲು ಬೇಕಾದಷ್ಟು ಶಕ್ತಿಯೂ ಆಗ ನಾಗರತ್ನಾಳಲ್ಲಿ ಇರಲಿಲ್ಲ.

"ಹೌದು, ಆ ಜಾಗಾ ನನಗ ಬೇಕು," ಎಂದಳು. "ಹದಿನಾಕ್ ವರ್ಷದಿಂದ ಬೇಕು. ಸುಳ್ಳ ಯಾಕ ಹೇಳ್ಲಿ? ಆದ್ರ ನಿನ್ನ ಬೆರಳ ಹೋಗಿ ಸಿಗೂದು ಬ್ಯಾಡ. ಬ್ಯಾಡ ಅಂದ್ರೂ ಅದು ನನಗ ಬರ್ತದ. ಅದಕ್ಕ ನಾ ಏನ್ ಮಾಡ್ಲಿ, ನೀನ ಹೇಳು."

ನಾಗರತ್ನಾ ಎದ್ದು ಬಸ್ಸಿಗೆ ಹೋದಳು. ಆ ಇಡೀ ದಿನ ಯಾರಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ಜಾಗಕ್ಕಾಗಿ ಹೇಳಿದಳು ಅನ್ನುತ್ತಾರೆ. ಹೇಳದಿದ್ದರೆ ಹುಡುಗಿಯ ಬೆರಳು ಹಾಳಾಗುತ್ತದೆ. ನಾಳೆ ಅವಳು ಬರದಿದ್ದರೆ ವಿನೋದಿನಿಗೆ ತಾನೇ ಫೋನು ಮಾಡುವುದು, ಅನ್ನುವವರು ಅಂದುಕೊಳ್ಳಲಿ ಎಂದು ಸಂಜೆಯ ಲೋಕಲಿನಲ್ಲಿ ತೀರ್ಮಾನಿಸಿದಳು.

ಫೋನು ಮಾಡಬೇಕಾಗಲಿಲ್ಲ. ಶನಿವಾರ ಹನ್ನೊಂದಕ್ಕೆ ನಿಶಾ ಆಸ್ಪತ್ರೆಯ ಲಿಫ್ಟಿನ ಬಳಿ ದುಪಟ್ಟಾದಲ್ಲಿ ಕೈ ಸುತ್ತಿಕೊಂಡು ನಿಂತಿದ್ದಳು. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ನಾಲ್ಕು ವಾರ ಕಟ್ಟು ಬಿಚ್ಚಬಾರದು ಎಂದರು ಡಾಕ್ಟರು. ಇನ್ನೂ ಎರಡು ವಾರ ಆಡಿದ್ದರೆ ತಂತಿ ಹಾಕಬೇಕಾಗುತ್ತಿತ್ತಂತೆ. ಹೊರಗೆ ಬಂದು ನಿಶಾ ಎಡಗೈಯಿಂದ ತಾನೇ ವಿನೋದಿನಿಗೆ ಫೋನು ಮಾಡಿದಳು. ಆಮೇಲೆ ನಾಗರತ್ನಾಳ ಹೆಗಲಿಗೆ ತಲೆ ಇಟ್ಟು, ಓಪಿಡಿಯ ಜನರ ನಡುವೆಯೇ ಜೋರಾಗಿ ಅತ್ತಳು.

ಅರ್ಧ ಗಂಟೆಯಲ್ಲಿ ನಾಗರತ್ನಾಳಿಗೆ ಫೋನು ಬಂತು.

"ನಾಗು, ಇನ್ನು ನೀನೇ. ಆಗ್ತದಲ್ಲ?"

ಈ ಮಾತನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದಳು. ಕೇಳಿದಾಗ ಕುಣಿಯಬೇಕು ಅನ್ನಿಸುತ್ತದೆ ಎಂದುಕೊಂಡಿದ್ದಳು. ಈಗ ಅನ್ನಿಸಿದ್ದು ಕೂತುಕೊಳ್ಳಬೇಕು ಎಂದು. ಚಾದರದ ರಾಶಿಯ ಮೇಲೆ ಕೂತು, "ಆಗ್ತದ್ರಿ ಮೇಡಂ," ಎಂದಳು.

ಮನೆಯಲ್ಲಿ ಸುಂದ್ರವ್ವ ಮಗಳ ಮುಖವನ್ನೇ ನೋಡಿದಳು. "ಖುಷಿ ಆಗಿಲ್ಲೇನವಾ?"

"ಆಗೇತಿ ಅನಸ್ತೈತಿ ಯವ್ವಾ. ಒಂದ್ ನಿದ್ದಿ ಮಾಡಿ ಎದ್ದ ಮ್ಯಾಲ ನೋಡ್ತೀನಿ."

ಮುಂದಿನ ಹತ್ತು ದಿನ ಅವಳು ಒಂದನೇ ಗೋಲ್‌ಕೀಪರಾಗಿ ಪ್ರಾಕ್ಟೀಸು ಮಾಡಿದಳು. ಕಾಲೇಜು ಹುಡುಗರ ತಂಡದ ಜೊತೆ ಒಂದು ಪಂದ್ಯವೂ ಆಯಿತು. ಎರಡು ಗೋಲು ಬಿಟ್ಟಳು. ಆದರೆ ಕೊನೆಯಲ್ಲಿ ದೂರದಿಂದ ಒಬ್ಬ ಹೊಡೆದ ಚೆಂಡು ಬಲಮೂಲೆಗೆ ಹೋಗುತ್ತಿದ್ದಾಗ ಅವಳ ಮೈ ತಾನಾಗಿ ನೆಲ ಬಿಟ್ಟಿತು. ಬೆರಳ ತುದಿ ತಾಗಿ ಚೆಂಡು ಕಂಬದ ಹೊರಗೆ ಹೋಯಿತು. ಹುಲ್ಲಿನಲ್ಲಿ ಮಲಗಿದ್ದಾಗ ಮಂಡಿಯೂ ಇಲ್ಲ, ಲೋಕಲ್ಲೂ ಇಲ್ಲ, ಬರೀ ಉಸಿರು. ಗೋಲಿನ ಹಿಂದೆ ಕಟ್ಟು ಹಾಕಿಕೊಂಡು ನಿಂತಿದ್ದ ನಿಶಾ ಒಂದೇ ಕೈಯನ್ನು ತೊಡೆಗೆ ಬಡಿದು ಚಪ್ಪಾಳೆ ತಟ್ಟಿದಳು. ಎದ್ದು ನಿಲ್ಲುವಾಗ ಮಂಡಿ ಮತ್ತೆ ತನ್ನ ನೆನಪು ಮಾಡಿಕೊಟ್ಟಿತು.

ಲೀಗು ನಡೆಯುವ ಊರಿಗೆ ತಂಡ ಹೊರಡುವ ರೈಲು ಹದಿನೈದಕ್ಕೆ. ಸುಂದ್ರವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ಗುರುಬಸವ ಈ ಸಲ ನಂಬಿ ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟಿದ್ದರು. ಹದಿನಾಲ್ಕರ ಬೆಳಿಗ್ಗೆ, ಸಂಕ್ರಾಂತಿಯ ದಿನ, ಚಾಳಿನ ಮಕ್ಕಳು ಮನೆಮನೆಗೆ ಎಳ್ಳುಬೆಲ್ಲದ ತಿಳಗುಳ ಹಂಚುತ್ತಿದ್ದಾಗ ವಾಟ್ಸಾಪ್ ಬಂತು. ಮೈದಾನ ಸಿದ್ಧವಾಗಿಲ್ಲ. ಫೆಬ್ರವರಿ ಇಪ್ಪತ್ತೆರಡು.

ನಾಗರತ್ನಾ ಅದನ್ನು ಎರಡು ಸಲ ಓದಿ ಚಪ್ಪಲಿ ಮೆಟ್ಟಿಕೊಂಡು ಪರೇಲಿಗೆ ಹೋದಳು. ಲಿನನ್ ರೂಮಿನಲ್ಲಿ ಅವಳ ಜಾಗದಲ್ಲಿ ಹೊಸ ಹೆಂಗಸು ಮಡಿಕೆ ಹಾಕುತ್ತಿದ್ದಳು. ಗುರುಬಸವ ಬಹಳ ಹೊತ್ತು ಹಣೆ ಉಜ್ಜಿಕೊಂಡರು.

"ಆಕಿ ಇವತ್ತ ಬಂದಾಳ, ಇವತ್ತ ಹೆಂಗ ಕಳಸ್ಲಿ? ವಾರ್ಡಿನಿಂದ ಹೊಲಸ್ ಬಟ್ಟಿ ತರೂ ಕೆಲಸ ಐತಿ. ತ್ರಾಸಿನ ಕೆಲಸ. ನೀ ಹೋಗೂತನಕ ಅದನ್ನ ಮಾಡ್ತಿದ್ರ ಇರು. ಫೆಬ್ರವರಿಗೆ ರಜಾ ಬರ್ಕೊತೀನಿ. ಆದ್ರ ಇದ ಕಡೀದು."

"ಮಾಡ್ತೀನ್ರಿ ಸರ್."

ಅಲ್ಲಿಂದಲೇ ಕಲೀನಾಕ್ಕೆ ಹೋದಳು. ವಿನೋದಿನಿ ಖಾಲಿ ಮೈದಾನದ ಅಂಚಿನಲ್ಲಿ ಒಬ್ಬರೇ ಕೂತಿದ್ದರು. ಅವರ ಮುಖವೂ ನಿದ್ದೆಗೆಟ್ಟಂತಿತ್ತು.

"ಫೆಬ್ರವರಿಗೆ ನಿಶಾಳ ಬೆರಳು..." ಎಂದು ಶುರು ಮಾಡಿ ಅವರು ನಿಲ್ಲಿಸಿದರು.

"ಗುಣ ಆಗಿರ್ತದ್ರಿ. ಆಕೀನ ಒಂದನೇದಾಕಿ," ಎಂದಳು ನಾಗರತ್ನಾ.

"ಅಲ್ಲ ಅಂತ ನಾನು ಹೇಳಿದ್ರೆ ಅದು ಸುಳ್ಳಾಗ್ತದೆ ಮಾರಾಯ್ತಿ."

ನಾಗರತ್ನಾ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಹದಿನಾಲ್ಕು ವರ್ಷದಲ್ಲಿ ಅವಳು ಕ್ಲಬ್ಬಿನಲ್ಲಿ ಏನನ್ನೂ ಕೇಳಿದವಳಲ್ಲ. "ನಂಗ ಒಂದ ಮ್ಯಾಚ್ ಕೊಡ್ರಿ ಮೇಡಂ. ಯಾವದಾರ ಒಂದು. ಆದ್ರ ಪೂರಾ ತೊಂಬತ್ತ ನಿಮಿಷ. ನಡುವ ತಗೀಬಾರ್ದು."

"ಕೊಡ್ತೇನೆ."

"ಯಾವದು?"

ವಿನೋದಿನಿ ಫೋನು ತೆಗೆದು ಪಂದ್ಯಗಳ ಪಟ್ಟಿ ನೋಡಿದರು. ಬೆರಳು ಮೇಲಿಂದ ಕೆಳಗೆ ಹೋಗಿ ಒಂದು ಕಡೆ ನಿಂತಿತು. "ಮೂರನೆಯದು. ಗಟ್ಟಿ ತಂಡ ಅದು, ಗೊತ್ತುಂಟಲ್ಲ?"

"ಇರ್ಲಿ ಬಿಡ್ರಿ."

"ಹಾಗಾದ್ರೆ ಮೂರನೆಯದು ನಿಂದು. ಈಗ ಮನೆಗೆ ಹೋಗು. ಸೋಮವಾರದವರೆಗೆ ಪ್ರಾಕ್ಟೀಸಿಗೆ ಬರ್ಬೇಡ."

ಆ ವಾರದ ಉಳಿದ ದಿನಗಳಲ್ಲಿ ಅವಳು ವಾರ್ಡಿನಿಂದ ವಾರ್ಡಿಗೆ ಬಟ್ಟೆಯ ಗಾಡಿ ತಳ್ಳಿದಳು. ರಕ್ತ, ಔಷಧ, ವಾಂತಿಯ ವಾಸನೆ ಕೈಗೆ ಅಂಟಿಕೊಂಡು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಮೂವರೂ ಕೂತು ಪ್ರಯಾಣಕ್ಕೆಂದು ಕಟ್ಟಿದ್ದ ರೊಟ್ಟಿಯನ್ನೇ ಮುರಿದು ತಿಂದರು.

ಭಾನುವಾರ ಅವಳು ಏಳಲಿಲ್ಲ. ಆರಾಯಿತು, ಏಳಾಯಿತು, ಎಂಟಾಯಿತು. ರಾತ್ರಿಪಾಳಿಯ ವಾಚ್‌ಮನ್ ಕೆಲಸ ಮುಗಿಸಿ ಬಂದ ಬಂಡೆಪ್ಪ ಹೊಸ್ತಿಲಲ್ಲೇ ನಿಂತು, ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಮಗಳನ್ನು ನೋಡಿ, "ಆರಾಮ ಇಲ್ಲೇನು?" ಎಂದು ಕೇಳಿದ.

"ಆರಾಮ ಅದಾಳ," ಎಂದಳು ಸುಂದ್ರವ್ವ, ಒಲೆಯನ್ನು ಸಣ್ಣ ಮಾಡಿ. "ಆಕಿ ಮಕ್ಕೊಳ್ಲಿ ಬಿಡ್ರಿ. ನೀವು ಹೊರಗ ಕುಂದರ್ರಿ, ಚಹಾ ಅಲ್ಲೇ ಕೊಡ್ತೀನಿ."